ಹಂದಿಕೊಬ್ಬಿಲ್ಲದ ಚಿಪಾ

ಯಾಗ್ವಾರೋನ್,
ಪವಿತ್ರ ವಾರದ ಬುಧವಾರ, ಏಪ್ರಿಲ್ 17, 2019

ನನ್ನ ಮುದ್ದು ನಿಮಿಯಾ,

ಮೊದಲು ಕೈ ಜೋಡಿಸು. ಮದುವೆಯಾಗಿ ಅರೆಗ್ವಾ ಸೇರಿದ ಮಾತ್ರಕ್ಕೆ ತಾಯಿಯ ಆಶೀರ್ವಾದ ಬೇಡವೆನ್ನುವಷ್ಟು ದೊಡ್ಡವಳಾಗಿಲ್ಲ ನೀನು. ಜೋಡಿಸಿದೆಯಾ? ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಗಂಡ ದೆರ್ಲಿಸ್‌ನನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಅತ್ತೆಯನ್ನೂ ಇಟ್ಟಿರಲಿ, ದೇವರಿಗೆ ಬಿಡುವಿದ್ದರೆ.

ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ ನೀನು ನನ್ನ ಫೋನ್ ಎತ್ತುವುದಿಲ್ಲ. ಧ್ವನಿ ಮುದ್ರಿಸಿ ಕಳಿಸಿದರೆ ಪೂರ್ತಿ ಕೇಳುವುದಿಲ್ಲ, ‘ಚೆನ್ನಾಗಿದ್ದೀನಮ್ಮ, ಕೆಲಸ ಇದೆ’ ಎಂದು ಒಂದು ಸಾಲು ಬಿಸಾಕುತ್ತೀಯ. ಕಾಗದವನ್ನು ಅರ್ಧಕ್ಕೇ ಮಡಚಿಡಲು ನಿನ್ನಿಂದ ಆಗುವುದಿಲ್ಲ, ನಿನ್ನ ಸ್ವಭಾವ ನನಗೆ ಗೊತ್ತು. ನಾಳೆ ಬೆಳಗಿನ ಬಸ್ಸಿಗೆ ಲಿಬ್ರಾದಾ ಅರೆಗ್ವಾದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಹಬ್ಬಕ್ಕೆಂದು ಬೇಯಿಸಿದ ಚಿಪಾ ರೊಟ್ಟಿಗಳ ಬುಟ್ಟಿ, ಬುಟ್ಟಿಯೊಳಗೆ ಈ ಕಾಗದ. ಲಕೋಟೆಯನ್ನು ಮರಗೆಣಸಿನ ಗಂಜಿ ಬಳಿದು ಭದ್ರವಾಗಿ ಅಂಟಿಸುತ್ತೇನೆ, ಯಾಕೆಂದರೆ ಲಿಬ್ರಾದಾಳ ಕಣ್ಣೂ ಅವಳ ನಾಲಿಗೆಯಷ್ಟೇ ಉದ್ದ. ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡವಳೆಂದು ಸುಮ್ಮನಿದ್ದೇನೆ, ಇಲ್ಲದಿದ್ದರೆ ಅವಳ ಜೊತೆ ನನ್ನ ಮಾತು ಯಾವತ್ತೋ ಮುಗಿದಿರುತ್ತಿತ್ತು.

ಜನವರಿಯಲ್ಲಿ ಮೂರು ರಾಜರ ಹಬ್ಬದ ಆ ಭಾನುವಾರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನೀನು ಮಾಂಸ ಬಿಟ್ಟ ಮೇಲೆ ನನ್ನ ಮೇಜಿನ ಮೇಲೆ ನಿನಗೆ ಉಳಿದದ್ದು ಬೇಯಿಸಿದ ಮರಗೆಣಸು, ಮತ್ತೆ ಎಳೆ ಮುಸುಕಿನ ಜೋಳ ರುಬ್ಬಿ ಚೀಸ್ ಮೊಟ್ಟೆ ಹಾಕಿ ನಾನು ಬೇಯಿಸುವ ಚಿಪಾ ಗ್ವಾಸು, ಎರಡೇ. ಕೋಳಿ ಬಡಿಸಿದಾಗ ‘ಅಮ್ಮಾ, ಇದೂ ಮಾಂಸಾನೇ’ ಅಂದೆ. ನಮ್ಮಲ್ಲಿ ಮಾಂಸವೆಂದರೆ ದನದ್ದು, ಕೋಳಿ ಕೋಳಿಯೇ. ಆದರೂ ನಾನೇ ತಟ್ಟೆ ಎತ್ತಿದೆ. ಗ್ವಾಸು ಒಂದಿದೆಯಲ್ಲ ಎಂದು ಸಮಾಧಾನ. ಭಾನುವಾರ ಬಂದರೆ ಅದರ ಮೂಲೆಯ ತುಂಡು, ಆ ಗರಿಗರಿ ಅಂಚು, ನಿನಗೇ ಮೀಸಲು. ಆವತ್ತು ಲಿಬ್ರಾದಾ ಬಾಯಿ ತುಂಬ ಅದನ್ನೇ ತುಂಬಿಕೊಂಡು, ‘ಏನೇ ಬ್ಲಾಸಿದಾ, ಇಷ್ಟು ಮೆತ್ತಗೆ ಬಂದಿದೆ, ಹಂದಿಕೊಬ್ಬು ಎಷ್ಟೇ ಸುರಿದೆ?’ ಅಂದಳು. ನೀನು ಚಮಚ ಕೆಳಗಿಟ್ಟೆ. ‘ಇಷ್ಟು ದಿನಾನೂ ಹಾಕ್ತಿದ್ಯಾ ಅಮ್ಮಾ? ಬೇಕಂತಲೇ ಮಾಡ್ದೆ ಅಲ್ವಾ?’ ಅಂದೆ. ಕೂಗಿದ್ದರೆ ನಾನೂ ಕೂಗಿ ಮುಗಿಸುತ್ತಿದ್ದೆ. ನೀನು ಮೆಲ್ಲಗೆ ಕೇಳಿದೆ, ಅದಕ್ಕೇ ನನಗೆ ರೇಗಿತು.

ಬೇಕೆಂದು ಮಾಡಲಿಲ್ಲ ಮಗಳೇ. ಕೊಬ್ಬನ್ನು ಮಾಂಸವೆಂದು ಈ ಊರಿನಲ್ಲಿ ಯಾರು ಎಣಿಸಿದ್ದಾರೆ ಹೇಳು! ಶುಭ ಶುಕ್ರವಾರ ಇಡೀ ಊರು ಮಾಂಸ ಮುಟ್ಟುವುದಿಲ್ಲ, ಹಂದಿಕೊಬ್ಬಿನಲ್ಲಿ ಕಲಸಿದ ಚಿಪಾವನ್ನು ಇಡೀ ಊರು ತಿನ್ನುತ್ತದೆ. ಪಾದ್ರಿಗಳೂ ತಿನ್ನುತ್ತಾರೆ, ಇನ್ನೊಂದು ಕೊಡಮ್ಮಾ ಎನ್ನುತ್ತಾರೆ. ಕೊಬ್ಬು ನಮಗೆ ಉಪ್ಪಿನ ಹಾಗೆ, ಹಾಕುವಾಗ ಕೈ ತಲೆಯನ್ನು ಕೇಳುವುದಿಲ್ಲ. ಇದನ್ನೇ ಆವತ್ತು ಹೇಳಬೇಕಿತ್ತು. ಹೇಳಿದ್ದೇನು? ‘ಹಾಗಾದ್ರೆ ನಿಮ್ಮತ್ತೆ ಮನೇಲೇ ತಿನ್ಕೋ ಹೋಗು.’ ನೀನು ಎಷ್ಟೋ ವಿಷಯದಲ್ಲಿ ನನ್ನ ಮಾತು ಕೇಳಿದವಳಲ್ಲ, ಈ ಒಂದು ಮಾತನ್ನು ಮಾತ್ರ ಚಾಚೂತಪ್ಪದೆ ಪಾಲಿಸಿದೆ. ಅಂದಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ.

ಆಮೇಲೆ ಫೋನಿನಲ್ಲಿ ನಿನ್ನ ಚಿತ್ರಗಳು ಶುರುವಾದವು. ನನ್ನ ಕರೆಗೆ ಉತ್ತರವಿಲ್ಲ, ಊರಿಗೆಲ್ಲ ಚಿತ್ರ! ಹೊಟ್ಟೆ ತುಂಬ ಅನ್ನ ಚೀಸ್ ತುಂಬಿಸಿಕೊಂಡು ಕುಳಿತ ಕುಂಬಳಕಾಯಿ, ಕೆಳಗೆ ‘ನನ್ನ ಅತ್ತೆಯ ಕೈರುಚಿ’ ಎಂದು ಬರೆದು ನಾಲ್ಕು ಕೆಂಪು ಹೃದಯ. ಇಪ್ಪತ್ತೆಂಟು ವರ್ಷ ಅನ್ನ ಹಾಕಿದ ಕೈಗೆ ಒಂದು ಹೃದಯ ಕೊಟ್ಟಿದ್ದೀಯಾ? ಫೋನ್ ತಾನಾಗಿ ಆರುವವರೆಗೂ ಆ ಕುಂಬಳಕಾಯಿಯನ್ನೇ ನೋಡುತ್ತ ಕೂತೆ. ಆರಿದ ಮೇಲೆ ಮತ್ತೆ ಹಚ್ಚಿ ನೋಡಿದೆ. ಅದರ ಮೇಲೆ ಲಿಬ್ರಾದಾ ಬಂದು ಸುದ್ದಿ ಕೊಟ್ಟಳು, ಅರೆಗ್ವಾದ ಸಂತೆಯಲ್ಲಿ ನೀನೂ ನಿನ್ನ ಅತ್ತೆಯೂ ಕೈಕೈ ಹಿಡಿದು ಹೋಗುತ್ತಿದ್ದಿರಂತೆ, ನೀನು ಅವಳನ್ನು ‘ಮಮಿ’ ಎಂದು ಕರೆದೆಯಂತೆ, ‘ನಿನ್ ಮಗಳು ಬಿಟ್ಟಳು ಅಂತ ಅತ್ತೇನೂ ಮಾಂಸ ಬಿಟ್ಟಿದ್ದಾಳೆ ಕಣೇ, ಪುಣ್ಯಾತ್ಗಿತ್ತಿ!’

ನನಗೆ ಹೊಟ್ಟೆಕಿಚ್ಚು, ನಿಮಿಯಾ. ಬೇರೆ ಹೆಸರಿಟ್ಟು ಏನು ಪ್ರಯೋಜನ? ಬೇರೆ ತಾಯಂದಿರಿಗೆ ಮಗಳನ್ನು ಬೀಗಿತ್ತಿ ಕಾಡುತ್ತಾಳೆಂದು ಸಂಕಟ. ನನಗೆ ನನ್ನ ಬೀಗಿತ್ತಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಸಂಕಟ. ಅವಳು ಒಂದಿಷ್ಟು ಕೆಟ್ಟವಳಾಗಿದ್ದರೆ ನಾನು ಎಷ್ಟು ನೆಮ್ಮದಿಯಾಗಿರುತ್ತಿದ್ದೆ.

ಆವತ್ತೇ ತೀರ್ಮಾನ ಮಾಡಿದೆ. ಅತ್ತೆ ಬಿಡಬಹುದಾದರೆ ಹೆತ್ತವಳು ಬಿಡಲಾರಳೇ? ಬೂದಿ ಬುಧವಾರ ಇಗರ್ಜಿಯಿಂದ ಬಂದವಳೇ, ಹಣೆಯ ಬೂದಿಯನ್ನೂ ಒರೆಸಿಕೊಳ್ಳದೆ, ನಿನ್ನ ಅಪ್ಪನಿಗೆ ಹೇಳಿದೆ: ‘ಫೆರ್ಮಿನ್, ಇವತ್ತಿಂದ ಈ ಮನೇಲಿ ಮಾಂಸ ಇಲ್ಲ. ಕೋಳಿ ಇಲ್ಲ, ಮೂಳೆ ಇಲ್ಲ, ಕೊಬ್ಬೂ ಇಲ್ಲ.’ ಅವರು ಕುಡಿಯುತ್ತಿದ್ದ ತಣ್ಣನೆಯ ಎಲೆ ಚಹಾ, ತೆರೆರೆಯ ಕೊಂಬಿನ ಲೋಟವನ್ನು ಕೆಳಗಿಟ್ಟು, ‘ಯಾರು ಸತ್ತೋದ್ರು?’ ಎಂದು ಕೇಳಿದರು. ‘ಯಾರೂ ಇಲ್ಲ, ಇನ್ನೊಂದು ಮಾತಾಡಿದ್ರೆ ನೀವೇ’ ಅಂದೆ. ‘ಈಸ್ಟರ್‌ವರೆಗೆ ತಾನೇ?’ ‘ನೋಡೋಣ.’ ಆ ‘ನೋಡೋಣ’ಕ್ಕೆ ಅವರ ಮುಖ ನೀನು ನೋಡಬೇಕಿತ್ತು.

ಮೊದಲ ವಾರ ನಾನು ನಿನಗಾಗಿ ಅಡುಗೆ ಮಾಡಲಿಲ್ಲ, ನಿನ್ನ ಅತ್ತೆ ಪೆರ್ಲಾ ವಿರುದ್ಧ ಮಾಡಿದೆ. ಈರುಳ್ಳಿ ಹೆಚ್ಚುವಾಗ ಅವಳು, ಕುಂಬಳ ಕುಟ್ಟುವಾಗ ಅವಳು. ಅಡುಗೆಗೆ ಅದು ಗೊತ್ತಾಗುತ್ತದೋ ಏನೋ, ಒಂದೂ ಬಾಯಿಗೆ ಸೇರಲಿಲ್ಲ. ಮೂಳೆಯಿಲ್ಲದೆ ಬೇಯಿಸಿದ ಹುರುಳಿಕಾಳು ಪಾತ್ರೆ ತೊಳೆದ ನೀರಿನ ಹಾಗಿತ್ತು. ನಲವತ್ತು ವರ್ಷ ಸೌಟು ಹಿಡಿದವಳು ನಾನು, ನನ್ನ ಒಲೆಯ ಮುಂದೆ ನಿನ್ನೆ ಮೊನ್ನೆ ಮದುವೆಯಾದ ಹುಡುಗಿಯ ಹಾಗೆ ಉಪ್ಪು ಹಾಕಿದೆನಾ ಇಲ್ಲವಾ ಎಂದು ಮೂರು ಸಲ ರುಚಿ ನೋಡುತ್ತಿದ್ದೆ. ಆಗ ಗೊತ್ತಾಯಿತು, ಇಷ್ಟು ದಿನ ಮೂಳೆಯೂ ಕೊಬ್ಬೂ ಸೇರಿ ಅಡುಗೆ ಮಾಡುತ್ತಿದ್ದವು, ನಾನು ಪಕ್ಕದಲ್ಲಿ ನಿಂತು ಹೆಸರು ತೆಗೆದುಕೊಳ್ಳುತ್ತಿದ್ದೆ.

ಆಮೇಲೆ ಹಟ ಬಂತು. ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು ಕಾಳಿಗೆ ಹಾಕಿದೆ. ಕುಂಬಳವನ್ನು ನೀರಿನಲ್ಲಿ ಬೇಯಿಸುವುದು ಬಿಟ್ಟು ಹಿತ್ತಿಲಿನ ಮಣ್ಣಿನ ಒಲೆಯಲ್ಲಿ ಬೇಯಿಸಿ, ಅದರ ಸಿಹಿ ಹೊರಗೆ ಬಂದ ಮೇಲೆ ಜೋಳದ ಹಿಟ್ಟು, ಚೀಸ್ ಹಾಕಿ ಕಲಸಿದೆ. ಆ ದಿನ ನಿನ್ನ ಅಪ್ಪ ತಟ್ಟೆಯನ್ನು ಮರಗೆಣಸಿನ ತುಂಡಿನಿಂದ ಒರೆಸಿ ತಿಂದರು. ನಾನು ನೋಡಿದ್ದನ್ನು ನೋಡಿ, ‘ಹಸಿವಾಗಿತ್ತು, ಅದಕ್ಕೆ’ ಎಂದರು. ಹಸಿವು ಎಲ್ಲಿಂದ ಬರಬೇಕು? ಸಂಜೆ ಹೊತ್ತು ‘ಗಾಳಿಗೆ ಹೋಗಿ ಬರ್ತೀನಿ’ ಎಂದು ಮೂಲೆಯ ಕಬಾಬಿನ ಗಾಡಿಯ ಕಡೆ ಹೋಗುತ್ತಾರೆ, ಹಲ್ಲಿನ ಸಂದಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡು ವಾಪಸ್ಸು ಬರುತ್ತಾರೆ. ಗಾಳಿ ತಿಂದರೆ ಹಲ್ಲು ಕೆದಕಬೇಕೇ ಎಂದು ನಾನು ಕೇಳುವುದಿಲ್ಲ. ನಾನು ಮಾತ್ರ ತಪ್ಪಲಿಲ್ಲ. ಪಕ್ಕೆಲುಬು ಕನಸಿನಲ್ಲಿ ಬಂತು ನಿಜ, ಕನಸು ಲೆಕ್ಕಕ್ಕಿಲ್ಲ.

ಎಲ್ಲ ಬಂದರೂ ಚಿಪಾ ಮಾತ್ರ ಬರಲಿಲ್ಲ. ಶುಭ ಶುಕ್ರವಾರ ಒಲೆ ಹಚ್ಚುವ ಹಾಗಿಲ್ಲ, ಚಿಪಾ ಇಲ್ಲದೆ ಯಾರು ಏನು ತಿನ್ನಬೇಕು? ಕೊಬ್ಬಿನ ಬದಲು ಬೆಣ್ಣೆ ಹಾಕಿದೆ, ಬಿರುಕು ಬಿಟ್ಟಿತು. ಎಣ್ಣೆ ಹಾಕಿದೆ, ಒಲೆಯಿಂದ ತೆಗೆದರೆ ಕಲ್ಲು. ನಿನ್ನ ಅಪ್ಪ ಒಂದನ್ನು ಮೇಜಿಗೆ ಕುಟ್ಟಿ, ‘ಇದನ್ನ ಹಿತ್ತಿಲ ಗೋಡೆಗೆ ಇಟ್ಕೋತೀನಿ, ಕೊಡು’ ಎಂದರು. ಕೋಳಿಗಳಿಗೆ ಹಾಕಿದೆ, ಅವೂ ಒಂದು ಸಲ ಕುಕ್ಕಿ ನನ್ನ ಮುಖ ನೋಡಿದವು. ನಿನ್ನ ಚಿತ್ರದಲ್ಲೋ, ಪೆರ್ಲಾ ಮಾಡಿದ ಚಿಪಾ ಬಂಗಾರದ ಬಣ್ಣಕ್ಕೆ ಉಬ್ಬಿ ಕೂತಿತ್ತು. ಅಳು ಬಂತು, ನಿಜ ಹೇಳುತ್ತೇನೆ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಈಗ ಹೇಳುವುದನ್ನು ಕೂತು ಓದು. ಕಳೆದ ವಾರ ನಾನು ಅರೆಗ್ವಾಕ್ಕೆ ಬಂದಿದ್ದೆ. ನೀನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡೇ ಬಂದೆ. ಮಣ್ಣಿನ ಮಡಕೆ ಕೊಳ್ಳಬೇಕೆಂದು ನಿನ್ನ ಅಪ್ಪನಿಗೆ ಹೇಳಿದೆ, ಮಡಕೆಯನ್ನೂ ಕೊಂಡೆ, ಅದೀಗ ಕೋಳಿಗಳಿಗೆ ನೀರಿಡಲು ಆಗಿದೆ. ಪೆರ್ಲಾಳ ಗೇಟಿನ ಮುಂದೆ ನಿಂತು, ಕರೆಯಲು ಚಪ್ಪಾಳೆ ತಟ್ಟಿದೆ. ಮೆಲ್ಲಗೇ ತಟ್ಟಿದೆ, ಕೇಳಿಸದಿದ್ದರೆ ಹಾಗೇ ಹಿಂದಿರುಗಬಹುದಲ್ಲ ಎಂದು. ಅವಳ ಕಿವಿ ಚುರುಕು. ಏಪ್ರನ್ನಿಗೆ ಕೈ ಒರೆಸುತ್ತ ಬಂದು, ಗೇಟನ್ನು ಪೂರ್ತಿ ತೆರೆದು, ‘ಬಾ ಬ್ಲಾಸಿದಾ. ಯಾವತ್ತು ಬಂದು ಬಯ್ತೀಯ ಅಂತ ಜನವರಿಯಿಂದ ಕಾಯ್ತಾ ಇದೀನಿ’ ಅಂದಳು. ಬೈಯಲು ಬಂದವಳ ಬಾಯಿ ಹೀಗೆ ಕಟ್ಟುವುದು ಅನ್ಯಾಯ ಅಲ್ಲವೇ?

ಅವಳ ಅಡುಗೆಮನೆ ಚೆನ್ನಾಗಿದೆ. ಇದಕ್ಕಿಂತ ಹೆಚ್ಚು ನನ್ನಿಂದ ಹೇಳಿಸಬೇಡ. ಕಿಟಕಿಯ ಪರದೆ ಗುಲಾಬಿ ಬಣ್ಣದ್ದು, ಅದೊಂದು ನನಗೆ ಸಮಾಧಾನ ಕೊಟ್ಟಿತು. ತೆರೆರೆ ಕೊಟ್ಟಳು, ಮಂಜುಗಡ್ಡೆ ಜಾಸ್ತಿ ಹಾಕಿದ್ದಳು. ಒಂದಿಷ್ಟು ಹೊತ್ತು ಬೆಲೆಗಳನ್ನು ಬೈದೆವು, ಬಸ್ಸುಗಳನ್ನು ಬೈದೆವು. ಆಮೇಲೆ ನಾನು ಬಂದ ಕೆಲಸ ಹೇಳಿದೆ, ನೆಲ ನೋಡಿಕೊಂಡು. ಕೊಬ್ಬಿಲ್ಲದ ಚಿಪಾ ಹೇಗೆ ಮಾಡುತ್ತೀ ಎಂದು ಕೇಳುವುದಕ್ಕೆ ನನಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು. ಪೆರ್ಲಾ ನಗಲಿಲ್ಲ. ನನ್ನನ್ನೇ ನೋಡಿದಳು. ‘ನಾನು ನಿನ್ನ ಹತ್ರ ಕೇಳ್ಬೇಕು ಅಂತಿದ್ದೆ, ನೀನೇ ಬಂದೆ’ ಅಂದಳು. ‘ಏನು?’ ಅಂದೆ. ‘ನಿನ್ನ ಗ್ವಾಸು. ಅದಕ್ಕೆ ಏನು ಹಾಕ್ತೀಯೇ ಮಹಾತಾಯಿ? ಎರಡು ವಾರದಿಂದ ನಿನ್ ಮಗಳಿಗೆ ಅದೇ ಬೇಕು. ಮಾಡ್ದೆ, ಒಂದು ತುತ್ತು ತಿಂದು ಪಕ್ಕಕ್ಕೆ ಸರಿಸಿದ್ಲು. ಮತ್ತೆ ಮಾಡ್ದೆ, ‘ಚೆನ್ನಾಗಿದೆ ಮಮಿ, ಅಮ್ಮನ ಥರ ಅಲ್ಲ’ ಅಂದ್ಲು. ಬೆಳಿಗ್ಗೆ ಹೊತ್ತು ಬೇರೇನೂ ಸೇರಲ್ಲ ಅವಳಿಗೆ. ನನಗೂ ಹೊಟ್ಟೆ ಉರಿಯಲ್ವೇನೇ? ಅವಳಿಗೋಸ್ಕರ ಇರೋ ಬರೋ ಅಡುಗೆಯೆಲ್ಲ ಹೊಸದಾಗಿ ಕಲ್ತೆ, ಅಮ್ಮನ ಥರ ಅಲ್ವಂತೆ!’

ನಿಮಿಯಾ, ಆ ಕ್ಷಣ ನನಗೆ ಆದ ಸಂತೋಷವನ್ನು ಪಾಪವೆಂದೇ ಪಾದ್ರಿಗಳ ಮುಂದೆ ಒಪ್ಪಿಕೊಳ್ಳಬೇಕು. ಅಮ್ಮನ ಥರ ಅಲ್ಲ! ಎದ್ದು ಕುಣಿಯಬೇಕೆನಿಸಿತು. ಮುಖ ಮಾತ್ರ ಸಪ್ಪಗಿಟ್ಟುಕೊಂಡು, ‘ಅಯ್ಯೋ ಪಾಪ’ ಅಂದೆ. ಪೆರ್ಲಾಗೆ ನನ್ನ ‘ಪಾಪ’ ಎಂಥದ್ದೆಂದು ಗೊತ್ತಾಯಿತು, ಅವಳೂ ಅಡುಗೆಯವಳೇ. ಆಮೇಲೆ ಅವಳು ಏನೋ ನೆನಪಾದವಳ ಹಾಗೆ ತಟ್ಟನೆ ಮಾತು ನಿಲ್ಲಿಸಿ ಚೀಸ್ ತುರಿಯಲು ಶುರುಮಾಡಿದಳು. ಒಲೆಯ ಹೊಗೆ ಕಣ್ಣಿಗೆ ಹೋಯಿತು, ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಇಬ್ಬರೂ ಸೇರಿ ಚಿಪಾ ಕಲಸಿದೆವು. ಅವಳ ಗುಟ್ಟು ಇಷ್ಟೇ: ಮರಗೆಣಸಿನ ಹಿಟ್ಟಿಗೆ ಹಾಲನ್ನು ಕುದಿಕುದಿಯುತ್ತಿರುವಾಗಲೇ ಸುರಿಯುತ್ತಾಳೆ, ಬೆಣ್ಣೆ ಆಮೇಲೆ. ನಾನು ತಣ್ಣನೆ ಹಾಲು ಹಾಕಿ ಹಿಟ್ಟನ್ನು ಬೈಯುತ್ತಿದ್ದೆ. ನಾನೂ ಒಂದು ಹೇಳಿಕೊಟ್ಟೆ. ಸೋಂಪನ್ನು ಹಾಗೇ ಉದುರಿಸಬಾರದು, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಹಾಕಬೇಕು. ‘ಇಷ್ಟು ವರ್ಷ ಗೊತ್ತಿರಲಿಲ್ಲವಲ್ಲೇ’ ಎಂದು ಅಂಗೈ ಮೂಸಿ ನೋಡಿಕೊಂಡಳು. ಚಿಪಾ ಉಬ್ಬಿ ಬಂತು. ಒಳ್ಳೆಯದಿತ್ತು. ಕಾಗದದಲ್ಲಿ ಬರೆದಿದ್ದೇನೆ, ಬಾಯಲ್ಲಿ ಹೇಳು ಅನ್ನಬೇಡ. ಹಾಗೆಯೇ ಇನ್ನೊಂದು ವಿಷಯ ಗೊತ್ತಾಯಿತು, ಅವಳು ಶನಿವಾರ ಶನಿವಾರ ತಂಗಿಯ ಮನೆಗೆ ಹೋಗಿ ಏನು ತಿಂದು ಬರುತ್ತಾಳೆ ಎಂಬುದು. ನಿನಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಆದ್ದರಿಂದ ಹೇಳುವುದಿಲ್ಲ. ಪೂರ್ತಿ ಬಿಟ್ಟವಳು ನಾನೊಬ್ಬಳೇ ಎಂಬುದು ಮಾತ್ರ ನಿನ್ನ ಗಮನಕ್ಕಿರಲಿ.

ಹೊರಡುವಾಗ ಗೇಟಿನವರೆಗೆ ಬಂದು ಮತ್ತೆ ಕೇಳಿದಳು, ‘ಗ್ವಾಸುವಿನದು ಹೇಳಲೇ ಇಲ್ವಲ್ಲೇ.’ ನನಗೆ ಗೊತ್ತಿತ್ತು. ಕೊಬ್ಬಿಲ್ಲದೆಯೂ ಅದೇ ರುಚಿ ತರುವುದು ಹೇಗೆಂದು ಈ ತಪಸ್ಸಿನ ಕಾಲದಲ್ಲಿ ಹತ್ತು ಸಲ ಕೆಡಿಸಿ ಕಂಡುಕೊಂಡಿದ್ದೇನೆ. ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಮಾರನೆಯ ಬೆಳಿಗ್ಗೆಯೇ ಅವಳು ಮಾಡುತ್ತಾಳೆ, ನೀನು ತಿನ್ನುತ್ತೀಯ, ಮತ್ತೆ ನಾಲ್ಕು ಹೃದಯ, ನಿನಗೆ ಯಾಗ್ವಾರೋನಿನ ದಾರಿಯೇ ಮರೆತುಹೋಗುತ್ತದೆ. ‘ಪೆರ್ಲಾ, ಇದೊಂದು ನಾನು ಹೇಳಲ್ಲ. ಬೇಕಾದ್ರೆ ಬಯ್ಕೋ. ಅದು ಬೇಕು ಅಂದ್ರೆ ಅವಳು ನನ್ನ ಮನೆಗೆ ಬರಲಿ’ ಅಂದೆ. ಅವಳಿಗೆ ಕೋಪ ಬಂತು, ಮೂಗು ಕೆಂಪಾಯಿತು. ಆಮೇಲೆ, ‘ಕರೆದಿದ್ದೀಯಾ ಅವಳನ್ನ?’ ಎಂದು ಕೇಳಿದಳು. ಬಸ್ಸು ಬಂತು. ಓಡಿ ಹತ್ತಿದೆ.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಫೋನ್ ಎತ್ತಲಿಲ್ಲ, ಉತ್ತರ ಕೊಡಲಿಲ್ಲ ಎಂದು ನಿನ್ನ ಮೇಲೆ ಇಷ್ಟು ದೂರು ಹೇಳುತ್ತೇನೆ. ಬಾ ಎಂದು ನಾನು ಒಂದು ಸಲವೂ ಅನ್ನಲಿಲ್ಲ. ಅದಕ್ಕೆ ಈಗ ಅನ್ನುತ್ತಿದ್ದೇನೆ. ಬಾ. ಶುಕ್ರವಾರ ಬಾ. ಗುರುವಾರ ಸಂಜೆಯೇ ಗ್ವಾಸು ಬೇಯಿಸಿ ಬಟ್ಟೆ ಮುಚ್ಚಿಡುತ್ತೇನೆ, ಮೂಲೆಯ ತುಂಡುಗಳನ್ನು ನಿನ್ನ ಅಪ್ಪ ಮುಟ್ಟದಂತೆ ಕಾಯುತ್ತೇನೆ. ಕೊಬ್ಬಿನ ಡಬ್ಬಿಯನ್ನು ಲಿಬ್ರಾದಾಗೆ ಕೊಟ್ಟುಬಿಟ್ಟೆ. ಬಾಣಲೆಗಳನ್ನು ಬೂದಿ ಹಾಕಿ ಮೂರು ಸಲ ಉಜ್ಜಿದ್ದೇನೆ, ಅನುಮಾನವಿದ್ದರೆ ನೀನೇ ಬಂದು ಮೂಸಿ ನೋಡು. ಈಸ್ಟರ್ ಮುಗಿದ ಮೇಲೆ ನಾನು ಮತ್ತೆ ಮಾಂಸ ತಿನ್ನುತ್ತೇನೋ ಇಲ್ಲವೋ ಗೊತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ನಿನ್ನ ತಟ್ಟೆಗೆ ಮಾತ್ರ ಎಂದಿಗೂ ಬರುವುದಿಲ್ಲ.

ದೆರ್ಲಿಸ್‌ನನ್ನು ಕರೆದುಕೊಂಡು ಬಾ. ಅವಳೂ ಬರುತ್ತೇನೆಂದರೆ ಬರಲಿ. ಕುರ್ಚಿ ಇದೆ. ನಾವು ಗೆಳತಿಯರಾದೆವೆಂದು ಮಾತ್ರ ತಿಳಿಯಬೇಡ, ಆ ಗುಲಾಬಿ ಪರದೆಯನ್ನು ನಾನಿನ್ನೂ ಕ್ಷಮಿಸಿಲ್ಲ. ಹಿತ್ತಿಲಿನಲ್ಲಿ ಬಾಳೆಲೆಯ ಮೇಲೆ ಚಿಪಾ ಆರುತ್ತಿದೆ, ನಿನ್ನ ಅಪ್ಪ ಆಗಲೇ ಎರಡು ಕದ್ದಿದ್ದಾರೆ, ಹೋಗಿ ಕಟ್ಟಬೇಕು.

ಹೊಟ್ಟೆಯಲ್ಲಿ ಕಿಚ್ಚು, ಒಲೆಯಲ್ಲೂ ಕಿಚ್ಚು ಇಟ್ಟುಕೊಂಡು ಕಾಯುತ್ತಿರುವ
ನಿನ್ನ ಅಮ್ಮ,
ಬ್ಲಾಸಿದಾ

ಮರೆತ ಮಾತು: ಬುಟ್ಟಿಯ ತಳದಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಪುಟ್ಟ ಚಿಪಾ ಇದೆ, ಪಾರಿವಾಳದ ಆಕಾರದ್ದು, ಮಕ್ಕಳಿರುವ ಮನೆಗೆ ಮಾಡಿ ಕಳಿಸುತ್ತೇವಲ್ಲ, ಅದು. ಅದು ನಿನಗೂ ಅಲ್ಲ, ದೆರ್ಲಿಸ್‌ಗೂ ಅಲ್ಲ. ಪೆರ್ಲಾ ನನಗೆ ಏನೂ ಹೇಳಿಲ್ಲ, ಅವಳ ಮೇಲೆ ರೇಗಬೇಡ. ಹೇಳಬೇಕಾಗಿಯೂ ಇರಲಿಲ್ಲ. ನೀನು ನನ್ನ ಹೊಟ್ಟೆಯಲ್ಲಿದ್ದಾಗ ನನಗೂ ಬೆಳಗಿನ ಹೊತ್ತು ನನ್ನ ಅಮ್ಮನ ಗ್ವಾಸು ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಅವಳ ಹಿತ್ತಿಲಿಗೆ ಹೋಗಿ ನಾನು ತೊಳೆದುಕೊಂಡದ್ದು ಹೊಗೆಯನ್ನಲ್ಲ. ನನಗಿಂತ ಮೊದಲು ಅವಳಿಗೆ ಗೊತ್ತಾಯಿತಲ್ಲ ಎಂದು ಉರಿಯಿತು, ಈಗಲೂ ಉರಿಯುತ್ತಿದೆ. ಇರಲಿ, ಎರಡನೆಯವಳೇ ಆಗುತ್ತೇನೆ, ಆದರೆ ನಿನ್ನ ಬಾಯಿಂದ ಕೇಳಬೇಕು. ನಿನ್ನ ಅಪ್ಪನಿಗೂ ಹೇಳಿಲ್ಲ, ಲಿಬ್ರಾದಾಗಂತೂ ದೇವರಾಣೆ ಹೇಳಿಲ್ಲ. ಗ್ವಾಸುವಿನ ಗುಟ್ಟು ಹೇಳಿಬಿಡುತ್ತೇನೆ: ಈರುಳ್ಳಿಯನ್ನು ಹಾಲಿನ ಕೆನೆಯಲ್ಲಿ ಸಣ್ಣ ಉರಿಯ ಮೇಲೆ, ಕಂದು ಬಣ್ಣ ಬರುವವರೆಗೆ ಬಾಡಿಸಬೇಕು. ಶುಕ್ರವಾರ ನಿನಗೆ ಬರಲು ಆಗದಿದ್ದರೆ ಪೆರ್ಲಾಗೆ ಹೇಳು, ಮಾಡಿಕೊಡಲಿ, ಹಸಿದುಕೊಂಡಿರಬೇಡ. ಬಂದರೆ, ನೀನೇ ಹೇಳು. ನಾನು ಏನೂ ಗೊತ್ತಿಲ್ಲದವಳ ಹಾಗೆ ಕಿರುಚಿಕೊಳ್ಳುತ್ತೇನೆ. ಶುಭ ಶುಕ್ರವಾರ ಯಾರೂ ದನಿ ಎತ್ತಬಾರದು ಅಂತಾರೆ, ಬೀದಿಯವರು ಏನು ಬೇಕಾದರೂ ಅಂದುಕೊಳ್ಳಲಿ.